ಯಾವ ಬೆಕ್ಕನ್ನು ಕೊಡಲಿ ಅಂತ ಯೋಚಿಸುವ ಮೊದಲು ಟ್ರೇ ಎಲ್ಲಿದೆ ನೋಡಿ

ಮನೆಯಲ್ಲಿ ಮೂರು ಬೆಕ್ಕು, ಹೊಸ ಮರಿ ಬಂದ ಮೇಲೆ ದೊಡ್ಡ ಗಂಡು ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿದೆ, ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆಯೇನೋ, ಯಾವುದನ್ನು ಬೇರೆಯವರಿಗೆ ಕೊಡಲಿ ಅಂತ ಕೇಳಿದ್ದೀರಿ. ಉಳಿದ ಮಾತು ಆಮೇಲೆ. ಮೊದಲು ಎದ್ದು ಹೋಗಿ ಆ ಬೆಕ್ಕನ್ನು ನೋಡಿ. ಪದೇ ಪದೇ ಹೋಗಿ ಕೂತು ತಿಣುಕುತ್ತಿದೆಯಾ? ಕೂತಲ್ಲಿ ಒಂದೆರಡು ಹನಿ ಮಾತ್ರ ಬರುತ್ತಿದೆಯಾ, ಅಥವಾ ಏನೂ ಬರುತ್ತಿಲ್ಲವಾ? ಹಿಂಭಾಗವನ್ನು ನೆಕ್ಕುತ್ತಲೇ ಇದೆಯಾ? ಹೌದು ಅಂತಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಡಾಕ್ಟರ ಹತ್ತಿರ ಹೊರಡಿ. ರಾತ್ರಿಯಾಗಿದ್ದರೂ ಹೊರಡಿ. ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

ಹಾಗೇನೂ ಇಲ್ಲದಿದ್ದರೆ ಮುಂದೆ ಓದಿ.

ನಮ್ಮದು ಶಿವಮೊಗ್ಗ. ಮನೆಯಲ್ಲಿ ನಾನು, ಅಮ್ಮ, ಮೂರು ಬೆಕ್ಕು. ಸೀನ ಅಂತ ಹಳದಿ ಪಟ್ಟೆಯ ಗಂಡು, ಮರಿಯಿಂದ ಸಾಕಿದ್ದು, ಸಂತಾನಹರಣದ ಆಪರೇಷನ್ ಆಗಿದೆ. ಬೆಳ್ಳಿ ಅಂತ ಹೆಣ್ಣು, ಬೀದಿಯಿಂದ ತಾನಾಗಿ ಬಂದು ಸೇರಿಕೊಂಡವಳು. ಆಮೇಲೆ ಬಂದದ್ದು ಚುಕ್ಕಿ, ಅಂಗೈ ಅಗಲದ ಮರಿ. ಬೇಸಿಗೆಯಲ್ಲಿ ಯಾವ ತಕರಾರೂ ಇರಲಿಲ್ಲ. ಹಿತ್ತಿಲಿನ ಮಣ್ಣಲ್ಲಿ ಅವರವರ ಜಾಗ ಅವರವರಿಗಿತ್ತು. ಮಳೆ ಹಿಡಿಯಿತು ನೋಡಿ, ಹಿತ್ತಿಲು ಕೆಸರಾಯಿತು, ಮೂರೂ ಒಳಗೆ ಬಂದವು. ಸಿಮೆಂಟ್ ಕಲಸುವ ಪ್ಲಾಸ್ಟಿಕ್ ಬಾಂಡಲಿ ತಂದು, ಮರಳು ತುಂಬಿ ಅವಕ್ಕೆ ಕಕ್ಕಸಿನ ಟ್ರೇ ಅಂತ ಒಳಗಿಟ್ಟೆವು.

ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಇದೇ ಆಗಿರಬಹುದು ಅಂತ ನನಗೆ ಬಲವಾದ ಅನುಮಾನ. ಬಾಂಡಲಿಗಳನ್ನೆಲ್ಲ ಬಚ್ಚಲುಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ ಸಾಲಾಗಿ ಇಟ್ಟೆ. ವಾಸನೆ ಒಂದೇ ಕಡೆ ಇರುತ್ತದೆ, ಗುಡಿಸೋದು ಸುಲಭ, ಮಳೆಗಾಲದಲ್ಲಿ ಮರಳು ಮನೆಯೆಲ್ಲ ಹರಡೋದಿಲ್ಲ. ನನ್ನ ಲೆಕ್ಕ ಅಷ್ಟೇ. ಬೆಕ್ಕಿಗೊಂದು ಬಾಂಡಲಿ, ಮೇಲೆ ಇನ್ನೊಂದು ಇರಬೇಕು ಅಂತ ಓದಿದ್ದೆ. ಹಾಗಾಗಿ ನಾಲ್ಕು ಇಟ್ಟಿದ್ದೆ. ಲೆಕ್ಕ ಸರಿಯಿದೆ ಅಂತ ನೆಮ್ಮದಿಯಾಗಿದ್ದೆ. ಆದರೆ ಒಂದೇ ಮೂಲೆಯಲ್ಲಿರುವ ನಾಲ್ಕು ಬಾಂಡಲಿ ಬೆಕ್ಕಿನ ಪಾಲಿಗೆ ಒಂದೇ ಕಕ್ಕಸು. ಆ ಓಣಿಗಿದ್ದ ಬಾಗಿಲೂ ಒಂದೇ.

ಬೆಳ್ಳಿ ಆ ಬಾಗಿಲಲ್ಲಿ ಮಲಗಲು ಶುರು ಮಾಡಿದಳು. ಗುರ್ ಅನ್ನಲಿಲ್ಲ, ಬುಸ್ ಅನ್ನಲಿಲ್ಲ, ಒಂದು ಸಲವೂ ಪರಚಲಿಲ್ಲ. ಮುಂಗಾಲು ಎದೆಯಡಿ ಮಡಚಿ, ಹೊಸ್ತಿಲಿಗೆ ಅಡ್ಡವಾಗಿ ಸುಮ್ನೆ ಕೂತಿರೋಳು. ಬಾಲದ ತುದಿ ಮಾತ್ರ ಆಡುತ್ತಿತ್ತು. ಸೀನ ನಡುಮನೆಯಿಂದ ಆ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತು, ಮೈ ನೆಕ್ಕಿಕೊಂಡು ವಾಪಸ್ ಬರೋನು. ಅಮ್ಮ, ನೋಡೋ, ಬೆಳ್ಳಿ ಕಾವಲು ಕೂತಿದ್ದಾಳೆ ಅಂತ ನಗೋರು. ನಾನು ಫೋಟೋ ಕೂಡ ತೆಗೆದಿದ್ದೆ. ಆ ಫೋಟೋವನ್ನು ಆಮೇಲೆ ಸರಿಯಾಗಿ ನೋಡಿದೆ. ಹಿಂದುಗಡೆ ಊಟದ ಮೇಜಿನ ಕೆಳಗೆ ಸೀನ ಕುಗ್ಗಿ ಕೂತಿದ್ದಾನೆ, ಎರಡೂ ಕಿವಿ ಪಕ್ಕಕ್ಕೆ ಬಿದ್ದಿವೆ. ಆ ಚಿತ್ರದಲ್ಲಿ ಜಗಳ ನಡೆಯುತ್ತಿತ್ತು. ನಮಗೆ ಕಾಣಲಿಲ್ಲ.

ಬೆಕ್ಕುಗಳ ಜಗಳ ಅಂದರೆ ಕಿರುಚಾಟ, ಕೂದಲು ಹಾರೋದು ಅಂತ ನಾವು ತಿಳಿದಿರುತ್ತೇವೆ, ಅಲ್ವಾ? ಮನೆಯೊಳಗಿನ ಜಗಳ ಹೆಚ್ಚಿನ ಮಟ್ಟಿಗೆ ಸದ್ದಿಲ್ಲದ್ದು. ದುರುಗುಟ್ಟಿ ನೋಡೋದು, ದಾರಿಗೆ ಅಡ್ಡ ಕೂರೋದು, ಇನ್ನೊಂದು ಉಣ್ಣುವಾಗ ಹತ್ತಿರ ಹೋಗಿ ನಿಲ್ಲೋದು, ಅದು ಎದ್ದು ಹೋಗುವಂತೆ ಮಾಡೋದು. ಸೋತ ಬೆಕ್ಕು ಅಲ್ಮೇರಾ ಮೇಲೆ ಇಡೀ ದಿನ ಮಲಗಿರುತ್ತದೆ. ಪಾಪ ಸೋಮಾರಿ ಅಂತ ನಾವು ಅಂದುಕೊಳ್ಳುತ್ತೇವೆ.

ಸೀನ ಉಚ್ಚೆ ತಡೆದುಕೊಂಡ. ಓಣಿ ಖಾಲಿ ಇದ್ದಾಗ ಓಡಿ ಹೋಗಿ ಬರೋನು, ಇಲ್ಲದಿದ್ದರೆ ಇಲ್ಲ. ನೀರು ಕುಡಿಯೋದು ಕಡಿಮೆಯಾಯಿತು. ಆಮೇಲೆ ನನ್ನ ಹಾಸಿಗೆ ಒದ್ದೆಯಾಯಿತು. ನಾನೂ ನಿಮ್ಮ ಹಾಗೆ ಚುಕ್ಕಿ ಬಂದ ಹೊಟ್ಟೆಕಿಚ್ಚು ಅಂದುಕೊಂಡು, ಹಾಸಿಗೆ ಕೋಣೆಯ ಬಾಗಿಲು ಹಾಕಿದೆ. ಅವನಿಗೆ ಉಳಿದಿದ್ದ ಒಂದೇ ಒಂದು ಸುರಕ್ಷಿತ ಜಾಗವನ್ನೂ ಮುಚ್ಚಿದ ಹಾಗಾಯಿತು. ಮುಂದೆ ವಾಶ್ ಬೇಸಿನ್‌ನಲ್ಲಿ ಹೋಗಿ ಕೂರಲು ಶುರು ಮಾಡಿದ. ಒಂದು ಸಂಜೆ ಬಿಳಿ ಬೇಸಿನ್‌ನಲ್ಲಿ ಗುಲಾಬಿ ಬಣ್ಣದ ಎರಡು ಹನಿ ಕಂಡಿದ್ದು ಅಮ್ಮನಿಗೆ. ಮುಖ ತೊಳೆಯೋಕೆ ಹೋದವರು ಅಲ್ಲಿಂದಲೇ ಕೂಗಿದರು. ಅವತ್ತು ಅವರು ಗಮನಿಸದೇ ಹೋಗಿದ್ದರೆ ಸೀನ ಇವತ್ತು ಇರುತ್ತಿರಲಿಲ್ಲ.

ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದರು. ಮೂತ್ರಕೋಶ ಮೋಸಂಬಿಯಂತೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಅರಿವಳಿಕೆ ಕೊಟ್ಟು, ಉಚ್ಚೆ ಹೊರತೆಗೆಯುವ ಸಣ್ಣ ಕೊಳವೆ (ಕ್ಯಾಥೆಟರ್) ಹಾಕಿ, ಡ್ರಿಪ್ ಕೊಟ್ಟು ಅಲ್ಲೇ ಇಟ್ಟುಕೊಂಡರು. ಉಚ್ಚೆ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಪ್ರಾಣ ತೆಗೆಯೋದು ಅದೇ ಅಂತ ವಿವರಿಸಿದರು. ಹೆಣ್ಣು ಬೆಕ್ಕಿನ ಮೂತ್ರನಾಳ ಅಗಲ, ಗಂಡಿನದು ತುಂಬಾ ಕಿರಿದು. ಲೋಳೆ ಮತ್ತು ಹರಳಿನ ಒಂದು ಸಣ್ಣ ಬಿರಟೆ ಸಾಕು. ಮನೆಗೆ ಬಂದ ಮೇಲೆ ಇನ್ನೊಂದು ಸಲ ಕಟ್ಟಿಕೊಂಡಿತು, ಮತ್ತೆ ಓಡಿದೆವು. ಹೀಗೆ ಮರುಕಳಿಸೋದು ಮಾಮೂಲು. ಹಾಗಾಗಿ ಒಮ್ಮೆ ಬಿಡಿಸಿಕೊಂಡು ಬಂದರೆ ಮುಗಿಯಿತು ಅಂತ ತಿಳಿಯಬೇಡಿ.

ಸೋಂಕು ಇರಲಿಲ್ಲ. ಕಲ್ಲೂ ಇರಲಿಲ್ಲ. ಮೂತ್ರದ ತೊಂದರೆ ಇಟ್ಟುಕೊಂಡು ಬರುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇಂಥದ್ದೇ ಅನ್ನುವ ಕಾರಣ ಸಿಗುವುದಿಲ್ಲ. ಮೂತ್ರಕೋಶದ ಒಳಪದರ ಊದಿಕೊಂಡಿರುತ್ತದೆ, ಅದರ ಹಿಂದೆ ಒತ್ತಡ ಕೆಲಸ ಮಾಡುತ್ತಿರುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2011ರಲ್ಲಿ ಬಂದ ಅವರ ಒಂದು ಅಧ್ಯಯನದಲ್ಲಿ, ದಿನಚರಿ ಏರುಪೇರಾದಾಗ ಪೂರ್ತಿ ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಕಡಿಮೆ ಮಾಡಿದವು, ಟ್ರೇ ಬಿಟ್ಟು ಹೊರಗೆ ಮಾಡಿದವು. ಸೇಡು ಅನ್ನುವ ಮಾತನ್ನು ದಯವಿಟ್ಟು ಇವತ್ತಿಗೇ ಬಿಟ್ಟುಬಿಡಿ. ನಿಮ್ಮ ವಾಸನೆ ಇರುವ ಹಾಸಿಗೆ ಅದಕ್ಕೆ ಧೈರ್ಯ ಕೊಡುವ ಜಾಗ. ಮೆತ್ತಗಿದೆ, ಎತ್ತರದಲ್ಲಿದೆ, ಯಾರು ಬಂದರೂ ಕಾಣುತ್ತದೆ. ಅದಕ್ಕೇ ಅಲ್ಲಿ ಹೋಗುತ್ತದೆ. ಹೊಡೆದರೆ, ಮೂತಿ ತಿಕ್ಕಿದರೆ ಒತ್ತಡ ಇನ್ನೂ ಜಾಸ್ತಿಯಾಗುತ್ತದೆ, ಕಾಯಿಲೆಯೂ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ಸೀನ ಆಸ್ಪತ್ರೆಯಿಂದ ವಾಪಸ್ ಬಂದಾಗ ಚುಕ್ಕಿ ಕೂಡ ಬೆನ್ನು ಬಿಲ್ಲಾಗಿಸಿ ಬುಸುಗುಟ್ಟಿತು. ಅಲ್ಲಿಯವರೆಗೆ ಅವನ ಹೊಟ್ಟೆಗೆ ಒರಗಿ ಮಲಗುತ್ತಿದ್ದ ಮರಿ ಅದು. ಬೆಕ್ಕು ಗುರುತು ಹಿಡಿಯೋದು ಮೂಗಿನಿಂದ. ಡೆಟಾಲು, ಸ್ಪಿರಿಟ್, ಬೇರೆ ಪ್ರಾಣಿಗಳ ವಾಸನೆ ಹೊತ್ತು ಬಂದವನು ಅದಕ್ಕೆ ಅಪರಿಚಿತ. ಆಗ ಅವನನ್ನು ನನ್ನ ಕೋಣೆಯಲ್ಲೇ ಬೇರೆ ಇಟ್ಟೆ. ಒಂದು ಹಳೇ ಪಂಚೆ ತುಂಡಿನಿಂದ ಅವನ ಕೆನ್ನೆ ಒರೆಸಿ ಅದನ್ನು ಹೊರಗಿನ ಇಬ್ಬರ ಮಲಗುವ ಜಾಗದಲ್ಲಿ ಹಾಸಿದೆ, ಅವರದ್ದನ್ನು ಇವನ ಕಡೆ. ಮುಚ್ಚಿದ ಬಾಗಿಲಿನ ಆಚೆ ಈಚೆ ಊಟದ ತಟ್ಟೆ ಇಟ್ಟೆ. ಆಚೆಯವರು ಹೆದರದೆ ಉಣ್ಣತೊಡಗಿದ ಮೇಲೆ ತಟ್ಟೆಗಳನ್ನು ಬಾಗಿಲಿಗೆ ಹತ್ತಿರ ಸರಿಸಿದೆ, ಕೊನೆಗೆ ಬಾಗಿಲನ್ನು ಒಂದು ಗೇಣು ತೆರೆದೆ. ನಿಮ್ಮ ಹೊಸ ಮರಿಯನ್ನೂ ಹೀಗೇ ಮೊದಲಿನಿಂದ ಪರಿಚಯ ಮಾಡಿಸಿ. ತಂದ ದಿನವೇ ನಡುಮನೆಯಲ್ಲಿ ಬಿಟ್ಟು, ಅವರೇ ಹೊಂದಿಕೊಳ್ಳುತ್ತಾರೆ ಅನ್ನೋರ ಮಾತು ಕೇಳಬೇಡಿ. ವಾರಗಳೇ ಹಿಡಿಯಲಿ, ಪರವಾಗಿಲ್ಲ.

ಮರಿಯನ್ನು ಬೇರೆ ಕೋಣೆಯಲ್ಲಿ ಇಡೋದಕ್ಕೆ ಇನ್ನೊಂದು ಕಾರಣವೂ ಇದೆ. ಬೀದಿಯಿಂದ ಬಂದ ಮರಿ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ, ಬೆಕ್ಕಿನ ಜೀವ ತೆಗೆಯುವ ವೈರಸ್ ಕಾಯಿಲೆ ತಂದಿರಬಹುದು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎಲ್ಲಕ್ಕೂ ಲಸಿಕೆ ಆಗಿದೆಯಾ ನೋಡಿ. ರಕ್ತ ಪರೀಕ್ಷೆ ಮಾಡಿಸಿ ಎಫ್‌ಐವಿ (ಬೆಕ್ಕಿನ ಏಡ್ಸ್ ವೈರಸ್), ಬೆಕ್ಕಿನ ಲ್ಯೂಕೇಮಿಯಾ ವೈರಸ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಪರೇಷನ್ ಆಗದ ಬೆಕ್ಕು ಯಾವುದಾದರೂ ಇದ್ದರೆ ಅದನ್ನೂ ಮುಂದಕ್ಕೆ ಹಾಕಬೇಡಿ.

ಈಗ ನಮ್ಮಲ್ಲಿ ಬಾಂಡಲಿಗಳು ಮನೆ ತುಂಬಾ ಇವೆ. ಒಂದು ನನ್ನ ಕೋಣೆಯಲ್ಲಿ, ಒಂದು ದೇವರ ಮನೆಯಿಂದ ದೂರದ ಮೂಲೆಯಲ್ಲಿ, ಒಂದು ಮೆಟ್ಟಿಲ ಕೆಳಗೆ, ಹಳೇ ಓಣಿಯಲ್ಲಿ ಒಂದು. ನಡುಮನೆಯಲ್ಲಿ ಮರಳು ಕಾಲಿಗೆ ಸಿಗುತ್ತದೆ. ನೆಂಟರು ಮೂಗು ಮುರಿಯುತ್ತಾರೆ. ಮುರಿಯಲಿ. ನೀರಿನ ಬಟ್ಟಲೂ ಹಾಗೇ ಬೇರೆ ಬೇರೆ ಕಡೆ. ಬರೀ ಡ್ರೈ ಫುಡ್ ಹಾಕೋದು ನಿಲ್ಲಿಸಿದ್ದೇನೆ. ಉಪ್ಪು ಹಾಕದೆ ಬೇಯಿಸಿದ ಮೀನನ್ನು ಬೇಯಿಸಿದ ನೀರಿನ ಸಮೇತ ಪ್ಯಾಕೆಟ್ಟಿನ ವೆಟ್ ಫುಡ್‌ಗೆ ಕಲಸಿ ಕೊಡುತ್ತೇವೆ. ಬೆಕ್ಕಿಗೆ ಬಾಯಾರಿಕೆ ಕಮ್ಮಿ, ನೀರು ಊಟದ ಜೊತೆಯಲ್ಲೇ ಒಳಗೆ ಹೋಗಬೇಕು. ಉಚ್ಚೆ ಆದ ಕಡೆ ಫಿನಾಯಿಲ್ ಹಾಕಬೇಡಿ. ಅದು ಬೆಕ್ಕಿಗೆ ವಿಷ, ಕಾಲು ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ನೋವಿರಬಹುದು ಅಂತ ಪ್ಯಾರಾಸಿಟಮಾಲ್ ಚೂರು ಕೊಡುವವರಿದ್ದಾರೆ, ಅದರಿಂದ ಬೆಕ್ಕು ಸತ್ತೇ ಹೋಗುತ್ತದೆ.

ಇನ್ನು ನೀವು ಕೇಳಿದ್ದು. ಯಾವುದನ್ನೂ ಈಗಲೇ ಕೊಡಬೇಡಿ. ಮೊದಲು ಉಚ್ಚೆ ಪರೀಕ್ಷೆ ಮಾಡಿಸಿ. ಟ್ರೇಗಳನ್ನು ಬೇರೆ ಬೇರೆ ಕೋಣೆಗೆ ಹಂಚಿ. ಯಾರು ಯಾರ ದಾರಿಗೆ ಅಡ್ಡ ಕೂರುತ್ತಾರೆ ಅಂತ ಒಂದು ವಾರ ಕೂತು ಗಮನಿಸಿ. ಇಷ್ಟೆಲ್ಲ ಮಾಡಿ, ಪರಿಚಯವನ್ನೂ ಹೊಸದಾಗಿ ಮಾಡಿಸಿ, ಒಂದೆರಡು ತಿಂಗಳಾದರೂ ಬಗೆಹರಿಯದೆ ಕೊಡಲೇಬೇಕಾಗಿ ಬಂದರೆ ಮರಿಯನ್ನು ಕೊಡಿ. ಮರಿ ಎಲ್ಲಿದ್ದರೂ ಬೇಗ ಹೊಂದಿಕೊಳ್ಳುತ್ತದೆ. ಮೂತ್ರದ ತೊಂದರೆ ಇರುವ ದೊಡ್ಡ ಗಂಡು ಬೆಕ್ಕು ಹೊಸ ಮನೆಯ ಗಾಬರಿಯಲ್ಲೇ ಮತ್ತೆ ಕಟ್ಟಿಕೊಳ್ಳಬಹುದು. ಅದು ತಿಣುಕುತ್ತಾ ಕೂತರೆ ಏನು ಅಂತ ಅಲ್ಲಿನವರಿಗೆ ತಿಳಿಯುವುದೂ ಇಲ್ಲ. ಮರಿಯನ್ನು ಕೊಡುವಾಗ ಲಸಿಕೆ ಹಾಕಿಸಿ, ಆ ಕಾರ್ಡನ್ನೂ ಜೊತೆಗೆ ಕೊಡಿ.