ಒಬ್ರೇ ಹೋಗ್ಬೇಡಿ ಮಾರಾಯ್ರೇ

ಪ್ರಶ್ನೆ: ನಾನು ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರ. ಪತ್ರಕರ್ತರ ಸಂಘ ಸೇರು ಎಂದು ಹಿರಿಯರೊಬ್ಬರು ಒತ್ತಾಯಿಸುತ್ತಿದ್ದಾರೆ. ಶ್ರೀಲಂಕಾದಲ್ಲಿ ಅಷ್ಟೆಲ್ಲ ಸಂಘಗಳಿದ್ದೂ ಯುದ್ಧದ ವರ್ಷಗಳಲ್ಲಿ ವರದಿಗಾರರ ಕೊಲೆ ನಿಲ್ಲಲಿಲ್ಲವಲ್ಲ? ಸಿಂಹಳದವರೂ ತಮಿಳರೂ ಒಂದೇ ಸಂಘದಲ್ಲಿ ಇರುವುದಾದರೂ ಹೇಗೆ?
— ಹೆಸರು ಬೇಡವೆಂದ ಓದುಗರು, ಕಾಪು

ಉತ್ತರ: ಸಂಘ ಗುಂಡು ತಡೆಯುವುದಿಲ್ಲ, ನಿಜ. ಶ್ರೀಲಂಕಾದ ಉತ್ತರದಲ್ಲಿರುವ ತಮಿಳರ ಊರು ಜಾಫ್ನಾದ ವರದಿಗಾರ ಮಯಿಲ್ವಾಗನಂ ನಿಮಲರಾಜನ್ ಅವರನ್ನು 2000ದ ಅಕ್ಟೋಬರ್‌ನಲ್ಲಿ, ಕರ್ಫ್ಯೂ ಇದ್ದ ರಾತ್ರಿಯೇ ಮನೆಗೆ ಬಂದು ಕೊಂದರು. ಅವರು ಬಿಬಿಸಿಯ ತಮಿಳು ಸೇವೆಗೂ ಸಿಂಹಳ ಸೇವೆಗೂ ಸುದ್ದಿ ಕಳಿಸುತ್ತಿದ್ದ ತಮಿಳರು. ಸಿಂಹಳ ವಾರಪತ್ರಿಕೆ ‘ರಾವಯ’ಕ್ಕೂ ಬರೆಯುತ್ತಿದ್ದರು. ಜಾಫ್ನಾದಲ್ಲಿ ಏನಾಗುತ್ತಿದೆ ಎಂದು ಸಿಂಹಳ ಮನೆಗಳಿಗೆ ತಿಳಿಸುತ್ತಿದ್ದವರನ್ನೇ ಇಲ್ಲವಾಗಿಸಿದರು. ಇಂದಿಗೂ ಯಾರಿಗೂ ಶಿಕ್ಷೆಯಾಗಿಲ್ಲ.

ಅಲ್ಲಿ ಎಲ್ಲರದೂ ಒಂದೇ ಸಂಘವಲ್ಲ. ಕಾರ್ಯನಿರತ ಪತ್ರಕರ್ತರದು, ಮಾಧ್ಯಮ ನೌಕರರದು, ತಮಿಳು ಪತ್ರಕರ್ತರದು, ಮುಸ್ಲಿಂ ಪತ್ರಕರ್ತರದು ಬೇರೆ ಬೇರೆ. ಆದರೂ ಆಪತ್ತಿನ ಹೊತ್ತಿಗೆ ಒಂದೇ ಹೇಳಿಕೆಗೆ ಸಹಿ ಹಾಕಿದ್ದಾರೆ, ಕೊಲಂಬೊದ ಬೀದಿಗೆ ಒಟ್ಟಿಗೆ ಇಳಿದಿದ್ದಾರೆ. ಆಗ ಕಾರ್ಯನಿರತ ಪತ್ರಕರ್ತರ ಸಂಘದ ಕಾರ್ಯದರ್ಶಿಯಾಗಿದ್ದ ಪೊದ್ದಲ ಜಯಂತ ಸಿಂಹಳದವರು. 2009ರ ಜೂನ್ 1ರಂದು, ಯುದ್ಧ ಮುಗಿದು ಎರಡು ವಾರವಾಗಿತ್ತಷ್ಟೇ, ಅವರನ್ನು ವ್ಯಾನಿನಲ್ಲಿ ಹೊತ್ತೊಯ್ದು ಕಾಲು ಮುರಿದು ಎಸೆದರು. ಸಂಘದಿಂದ ಏನೂ ಆಗದೆಂದಿದ್ದರೆ ಅದರ ಕಾರ್ಯದರ್ಶಿಯ ಕಾಲು ಯಾಕೆ ಮುರಿಯಬೇಕಿತ್ತು?

ನಾನೂ ನಿಮ್ಮ ಹಾಗೆ ಅಚ್ಚಾದ ಸುದ್ದಿಯ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಪಡೆದವನು. ಮಂಗಳೂರಿನ ಬಂದರಿನಲ್ಲಿ ಗಲಭೆಯ ದಿನ ನನ್ನ ಕೆಮರಾ ಕಿತ್ತುಕೊಂಡು ತಲೆಗೆ ಹೊಡೆದರು. ಪತ್ರಿಕಾ ಕಚೇರಿಗೆ ಫೋನ್ ಮಾಡಿದೆ. “ನೀವು ನಮ್ಮ ಸಿಬ್ಬಂದಿ ಅಲ್ವಲ್ಲ” ಎಂದರು. ಠಾಣೆಯಲ್ಲಿ ನಾಳೆ ಬಾ ಎಂದರು. ಆ ರಾತ್ರಿಯ ಒಂಟಿತನ ಹೊಲಿಗೆಯ ನೋವಿಗಿಂತ ದೊಡ್ಡದು.

ಬೆಳಗ್ಗೆ ಸಂಘದವರು ಮನೆಗೇ ಬಂದರು. ಕೊಂಕಣಿ ವಾರಪತ್ರಿಕೆಯ ಹಿರಿಯರು, ಮಲಯಾಳಂ ಪತ್ರಿಕೆಗೆ ಬರೆಯುವ ಕಾಸರಗೋಡಿನವರು, ಬ್ಯಾರಿ ಗೆಳೆಯ. “ಒಬ್ರೇ ಹೋಗ್ಬೇಡಿ ಮಾರಾಯ್ರೇ, ನಾವೂ ಬರ್ತೇವೆ.” ಹೊಡೆದವರು ನನ್ನ ಭಾಷೆಯವರೇ ಆಗಿದ್ದರು, ಜತೆಗೆ ಬಂದ ಮೂವರ ಮನೆಮಾತೂ ಬೇರೆ. ಇದೊಂದು ಕುಲದ ಜಗಳವೆಂದು ತಳ್ಳಿಹಾಕಲು ಠಾಣೆಯಲ್ಲಿ ಯಾರಿಗೂ ಆಗಲಿಲ್ಲ. ದೂರು ಬರೆದುಕೊಂಡರು. ಆಸ್ಪತ್ರೆಯ ಬಿಲ್ಲನ್ನು ಸಂಘದ ನಿಧಿಯಿಂದ ಕಟ್ಟಿದರು. ಕೆಮರಾ ಮಾತ್ರ ಸಿಗಲಿಲ್ಲ.

ಹಾಗಾಗಿ ಸೇರಿ. ಅರೆಕಾಲಿಕರಿಗೆ ಸದಸ್ಯತ್ವ ಉಂಟೇ, ವಿಮೆ ಉಂಟೇ ಎಂದು ಮೊದಲೇ ಕೇಳಿ. ಇಲ್ಲವೆಂದರೆ ಅದಕ್ಕಾಗಿಯೇ ಸಭೆಯಲ್ಲಿ ಎದ್ದು ನಿಲ್ಲಿ. ಪತ್ರಿಕೆಯಿಂದ ನೇಮಕದ ಪತ್ರ, ಗುರುತಿನ ಚೀಟಿ ಕೇಳಿ ಪಡೆಯಿರಿ. ಅಚ್ಚಾದ ಪ್ರತಿ ಸುದ್ದಿಯ ತುಣುಕನ್ನೂ ದುಡ್ಡು ಬಂದ ಲೆಕ್ಕವನ್ನೂ ಜೋಪಾನವಾಗಿಡಿ, ನೀವು ಅವರ ವರದಿಗಾರ ಎನ್ನುವುದಕ್ಕೆ ನಾಳೆ ಅದೇ ಸಾಕ್ಷಿ. ಬ್ರಸೆಲ್ಸ್‌ನ ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟ ಅಪಾಯಕ್ಕೆ ಸಿಕ್ಕವರಿಗಾಗಿ 1992ರಿಂದ ಸುರಕ್ಷಾ ನಿಧಿ ನಡೆಸುತ್ತಿದೆ, ಅದನ್ನೂ ನೆನಪಿಡಿ. ಸಭೆಗೆ ಹೋದಾಗ ನಿಮ್ಮ ಭಾಷೆ ಬಾರದವರ ಪಕ್ಕ ಕುಳಿತು, ಅವರ ಫೋನ್ ನಂಬರ್ ಬರೆದುಕೊಳ್ಳಿ.