ಅನುರಾಧಪುರದ ಅವಳಿ ಕೊಳದ ನೀರು ಪಂಪ್ ಇಲ್ಲದೆ ಶುದ್ಧವಾಗುತ್ತಿದ್ದದ್ದು ಹೇಗೆ? ಅದು ರಾಜನ ಈಜುಕೊಳವಾಗಿತ್ತೇ?

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಅದನ್ನು ಮೊದಲು ಮುಗಿಸಿಬಿಡುತ್ತೇನೆ. ರಾಜನದ್ದಲ್ಲ. ನೀವು ಫೋಟೊ ಹಾಕಿರುವ ಶ್ರೀಲಂಕಾದ ಕುಟ್ಟಂ ಪೊಕುಣ ಅಭಯಗಿರಿ ವಿಹಾರದ ಭಿಕ್ಷುಗಳು ಮೀಯುತ್ತಿದ್ದ ಕೊಳ. ಕ್ರಿ.ಪೂ. 1ನೇ ಶತಮಾನದಲ್ಲಿ ದೊರೆ ವಟ್ಟಗಾಮಿಣಿ ಅಭಯ ಕಟ್ಟಿಸಿದ ವಿಹಾರ ಅದು. 5ನೇ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಚೀನೀ ಯಾತ್ರಿಕ ಫಾಹಿಯಾನ್, ಅಲ್ಲಿ 5,000 ಭಿಕ್ಷುಗಳಿದ್ದರು ಎಂದು ಬರೆದಿದ್ದಾನೆ. ಇನ್ನು 'ಪೊಕುಣ' ಎಂದರೆ ಪುಷ್ಕರಿಣಿ, ಪಾಲಿಯಲ್ಲಿ ಪೊಕ್ಖರಣಿ. ಹೊಕ್ಕರಣಿ ಎಂಬ ಮಾತು ಕೇಳಿ ಬೆಳೆದವರಿಗೆ ಇದು ನೆಂಟರ ಮನೆಯ ಹೆಸರಿನಂತೆ ಕೇಳಿಸುತ್ತದೆ. 'ಕುಟ್ಟಂ' ಎಂದರೆ ಅವಳಿ, ಆದರೆ ಅಳತೆಯಲ್ಲಿ ಅವಳಿಯಲ್ಲ: ಉತ್ತರದ್ದು ಸುಮಾರು 28 ಮೀಟರ್ ಉದ್ದ, ದಕ್ಷಿಣದ್ದು 40.

ಈಗ ನೀರಿನ ವಿಷಯ. ನಾನು ಹೋದ ದಿನ ಎಲ್ಲರೂ ಹಲವು ಹೆಡೆಯ ನಾಗರಕಲ್ಲಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದರ ಹತ್ತಿರದಲ್ಲೇ, ಚಿಕ್ಕ ಕೊಳದ ಅಂಚಿನಲ್ಲಿ, ಕಲ್ಲಿನಲ್ಲಿ ಕಟ್ಟಿದ ಒಂದು ಸಣ್ಣ ಗುಂಡಿಯಿದೆ. ಒಣಗಿದ ಎಲೆ ತುಂಬಿಕೊಂಡಿದ್ದ ಅದರೊಳಗೆ ಯಾರೂ ಇಣುಕಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ.

ನೆಲದಡಿಯ ಕಾಲುವೆಯಲ್ಲಿ ಬಂದ ನೀರು ನೇರವಾಗಿ ಕೊಳಕ್ಕೆ ಬೀಳುತ್ತಿರಲಿಲ್ಲ. ಮೊದಲು ಇಂಥ ಸಣ್ಣ ತೊಟ್ಟಿಗಳಲ್ಲಿ ನಿಲ್ಲುತ್ತಿತ್ತು. ಓಟ ನಿಂತ ನೀರು ತಾನು ಹೊತ್ತು ತಂದ ಮರಳು, ಹೂಳನ್ನು ಕೆಳಗಿಳಿಸುತ್ತದೆ. ಮೇಲೆ ಉಳಿದ ತಿಳಿನೀರು ಕಲ್ಲಿನ ಮಕರದ ಬಾಯಿಯಿಂದ ಚಿಕ್ಕ ಕೊಳಕ್ಕೆ ಸುರಿಯುತ್ತಿತ್ತು, ಅಲ್ಲಿಂದ ನೆಲದಡಿಯ ಕೊಳವೆಯ ಮೂಲಕ ದೊಡ್ಡದಕ್ಕೆ ಹೋಗುತ್ತಿತ್ತು. ನನ್ನಜ್ಜಿ ಮಳೆಗಾಲದಲ್ಲಿ ಕೆರೆಯಿಂದ ತಂದ ಕೆಂಪು ನೀರನ್ನು ಹಂಡೆಗೆ ಹಾಕಿ, 'ಯಾರೂ ಕದಡಬೇಡಿ' ಎಂದು ಗದರಿಸಿ, ಮರುದಿನ ಮೇಲಿನದನ್ನಷ್ಟೇ ತಂಬಿಗೆಯಲ್ಲಿ ಮೊಗೆಯುತ್ತಿದ್ದರು. ಅದೇ ಕೆಲಸವನ್ನು ಇಲ್ಲಿ ಕಲ್ಲು ಮತ್ತು ಇಳಿಜಾರು ಮಾಡುತ್ತಿದ್ದವು. 'ಕಳೆದುಹೋದ ರಹಸ್ಯ ತಂತ್ರಜ್ಞಾನ' ಎಂದು ವಿಡಿಯೊ ಮಾಡುವವರ ಮಾತಿಗೆ ಮರುಳಾಗಬೇಡಿ.

ಹಾಗೆಯೇ, ಈಗ ಕೊಳದಲ್ಲಿ ಹಸಿರು ನೀರು ಕಂಡು ಈ ವ್ಯವಸ್ಥೆಯೇ ಸುಳ್ಳು ಎನ್ನಲೂ ಬೇಡಿ. ಗುಂಡಿ ತಡೆಯುವುದು ಹೂಳನ್ನು, ಪಾಚಿಯನ್ನಲ್ಲ. ಒಳಹರಿವು ನಿಂತ ಕೊಳದಲ್ಲಿ ಪಾಚಿ ಕಟ್ಟದೆ ಇನ್ನೇನು?

ಭಿಕ್ಷುಗಳಿಗೆ ಇಷ್ಟೊಂದು ಏರ್ಪಾಡು ಏಕೆ ಎಂದು ನನಗೂ ಅನ್ನಿಸಿತ್ತು. ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದ ಚುಲ್ಲವಗ್ಗ ಎಂಬ ಭಾಗದಲ್ಲಿ ಇದಕ್ಕೆ ಅನುಮತಿಯೇ ಇದೆ: ಕೊಳ ಇರಬಹುದು, ಇಟ್ಟಿಗೆ, ಕಲ್ಲು ಅಥವಾ ಮರದಿಂದ ಅದರ ಬದಿ ಕಟ್ಟಬಹುದು, ಮೆಟ್ಟಿಲು, ನೀರು ಬರುವ ದಾರಿ, ಹೋಗುವ ದಾರಿ ಮಾಡಿಕೊಳ್ಳಬಹುದು. ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರು ಸೋಸುವ ಸಾಧನವೂ ಒಂದು. ನೀರಿನ ಜೊತೆ ಜೀವಿಗಳು ಹೊಟ್ಟೆಗೆ ಹೋಗಬಾರದು ಎಂಬ ಕಾರಣಕ್ಕೆ.

ಅದೇ ವಿಹಾರದಲ್ಲಿ ಎತ್ ಪೊಕುಣ, ಅಂದರೆ ಆನೆಕೊಳ ಇದೆ. ಸುಮಾರು 159 ಮೀಟರ್ ಉದ್ದ, 53 ಮೀಟರ್ ಅಗಲ. ಪೆರಿಯಂಕುಲಮ ಕೆರೆಯಿಂದ ನೆಲದಡಿಯ ಕಾಲುವೆಗಳಲ್ಲಿ ಅದಕ್ಕೆ ನೀರು ಬರುತ್ತಿತ್ತು. ಗಾತ್ರ ನೋಡಬೇಕಿದ್ದರೆ ಅಲ್ಲಿಗೆ ಹೋಗಿ. ಕೆಲಸ ನೋಡಬೇಕಿದ್ದರೆ ನಾಗರಕಲ್ಲಿಗೆ ಬೆನ್ನು ಮಾಡಿ ಆ ಗುಂಡಿಯೊಳಗೆ ಇಣುಕಿ. ನಿಮ್ಮ ಫೋಟೊದಲ್ಲೂ ಅದು ಬಂದಿಲ್ಲ.