ಬೆಟ್ಟದಲ್ಲಿ ಇಲ್ಲದ ಚಿನ್ನ ಲ್ಯಾಬಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಭಾರಿ ಚಿನ್ನ ಸಿಕ್ಕಿದೆ ಎಂದು 1990ರ ದಶಕದಲ್ಲಿ ಒಂದು ಕಂಪನಿ ಜಗತ್ತನ್ನೇ ನಂಬಿಸಿತ್ತಂತೆ. ಕಲ್ಲಿನಲ್ಲಿ ಇಲ್ಲದ ಚಿನ್ನವನ್ನು ಪರೀಕ್ಷೆಯಲ್ಲಿ ತೋರಿಸಲು ಸಾಧ್ಯವೇ? ಭೂವಿಜ್ಞಾನಿಗಳು, ಬ್ಯಾಂಕಿನವರು ಯಾರಿಗೂ ಅನುಮಾನ ಬರಲಿಲ್ಲವೇ?

ಉತ್ತರ: ಸಾಧ್ಯ, ಮತ್ತು ಅದಕ್ಕೆ ಬೇಕಾದ ಚಿನ್ನ ತುಂಬಾ ಕಡಿಮೆ. ಒಂದು ಟನ್ ಕಲ್ಲಿನಲ್ಲಿ 2 ಗ್ರಾಂ ಚಿನ್ನವಿದ್ದರೆ ಬಯಲು ಗಣಿಗಾರಿಕೆಗೆ ಸಾಕಾಗಬಹುದು. ಅಂದರೆ ಒಂದು ಕಿಲೋ ಮಾದರಿಗೆ ಬರೀ 2 ಮಿಲಿಗ್ರಾಂ. ಉಗುರಿನ ಸಂದಿಯಲ್ಲಿ ಹಿಡಿಯುವಷ್ಟು ಪುಡಿ ಬಿದ್ದರೂ ಬರೀ ಕಲ್ಲು ಗಣಿಯಾಗಿಬಿಡುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಸಾಲ್ಟಿಂಗ್ ಎನ್ನುತ್ತಾರೆ.

ಕೆನಡಾದ ಕ್ಯಾಲ್ಗರಿಯ ಬ್ರೆ-ಎಕ್ಸ್ ಕಂಪನಿ 1993ರಲ್ಲಿ ಬೋರ್ನಿಯೋ ದ್ವೀಪದ ಪೂರ್ವ ಕಾಲಿಮಂಟನ್‌ನ ಈ ಕಾಡು ಜಾಗಕ್ಕೆ ಕೈ ಹಾಕಿತು. ಕಂಪನಿಯ ಸ್ಥಾಪಕ ಡೇವಿಡ್ ವಾಲ್ಶ್ ಹಣದ ಕಷ್ಟದಲ್ಲಿದ್ದವರು. ಭೂವಿಜ್ಞಾನಿ ಜಾನ್ ಫೆಲ್ಡರ್‌ಹಾಫ್‌ಗೆ ಪಪುವಾ ನ್ಯೂಗಿನಿಯ ಓಕ್ ಟೆಡಿ ನಿಕ್ಷೇಪವನ್ನು ಪತ್ತೆ ಮಾಡಿದವರಲ್ಲಿ ಒಬ್ಬರು ಎಂಬ ಹೆಸರಿತ್ತು. ಸ್ಥಳದಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವರು ಫಿಲಿಪ್ಪೀನ್ಸ್‌ನ ಮೈಕೆಲ್ ಡಿ ಗುಜ್ಮನ್. ಕೊರೆದ ಹಾಗೆಲ್ಲ ಅಂಕಿ ಏರಿತು. 1997ರ ಫೆಬ್ರುವರಿ ಹೊತ್ತಿಗೆ 7.1 ಕೋಟಿ ಔನ್ಸ್, ಅಂದರೆ ಸುಮಾರು 2,200 ಟನ್ ಚಿನ್ನವಿದೆ ಎಂದರು. ಅಷ್ಟರಲ್ಲಿ ಕಂಪನಿಯ ಷೇರುಗಳ ಬೆಲೆ ಒಟ್ಟು 600 ಕೋಟಿ ಕೆನಡಾ ಡಾಲರ್ ದಾಟಿ ಬಂದಿತ್ತು.

ನಾನು ಕೋರ್ ಪೆಟ್ಟಿಗೆಗಳ ಮುಂದೆ ಕೂತು ವರ್ಷಗಟ್ಟಲೆ ಕೆಲಸ ಮಾಡಿದವಳು. ಹಾಗಾಗಿ ಈ ಕಥೆಯಲ್ಲಿ ನನ್ನ ಕಣ್ಣು ಹೋಗುವುದು ಒಂದೇ ಕಡೆ. ಭೂಮಿ ಕೊರೆದಾಗ ಕೋಲಿನಂಥ ಕಲ್ಲು ಬರುತ್ತದೆ, ಅದೇ ಕೋರ್. ಅದನ್ನು ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಕಳಿಸುತ್ತೇವೆ. ಉಳಿದರ್ಧ ಪೆಟ್ಟಿಗೆಯಲ್ಲೇ ಇರಬೇಕು. ನಾಳೆ ಬೇರೆಯವರು ಬಂದು ‘ತೋರಿಸಿ’ ಎಂದರೆ ತೋರಿಸಲು. ಬುಸಾಂಗ್‌ನಲ್ಲಿ ಚೂರುಪಾರು ಬಿಟ್ಟರೆ ಕೋರನ್ನೆಲ್ಲ ಪರೀಕ್ಷೆಗೆ ಕಳಿಸಿ ಮುಗಿಸಿದರು. ಇಲ್ಲಿ ಚಿನ್ನ ಒಂದೇ ಸಮ ಹರಡಿಲ್ಲ, ದೊಡ್ಡ ಮಾದರಿಯೇ ಬೇಕು ಎಂದು ಕಾರಣ ಕೊಟ್ಟರು. ಆ ಮಾತು ತಳ್ಳಿಹಾಕುವಂಥದ್ದೇನಲ್ಲ. ದಪ್ಪ ಚಿನ್ನವಿರುವ ಕಡೆ ದೊಡ್ಡ ಮಾದರಿ ಬೇಕೇ ಬೇಕು. ಆದರೆ ಅದರಿಂದ ಮರುಪರೀಕ್ಷೆಯ ದಾರಿಯೇ ಮುಚ್ಚಿಹೋಯಿತು. ಅದನ್ನು ಜೋರಾಗಿ ಕೇಳಬೇಕಾದವರು ಕೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಲ್ಯಾಬಿನ ಲೆಕ್ಕ ಸರಿಯಾಗೇ ಇತ್ತು. ಚೀಲದಲ್ಲಿ ಇದ್ದದ್ದನ್ನು ಅವರು ಅಳೆದರು. ಚೀಲ ಅವರ ಬಾಗಿಲಿಗೆ ಬರುವ ಮೊದಲೇ ಕೈಚಳಕ ನಡೆದಿತ್ತು.

ಬೆರೆಸಿದ್ದು ನಕಲಿ ಚಿನ್ನವೂ ಅಲ್ಲ. ಹೊಳೆಯ ಮರಳು ಜಾಲಿಸಿ ತೆಗೆದ ಅಸಲಿ ಚಿನ್ನ. ಕಾಲಿಮಂಟನ್‌ನ ಹೊಳೆಗಳಲ್ಲಿ ಊರಿನ ಜನ ಸೊಂಟದವರೆಗೆ ನೀರಿನಲ್ಲಿ ನಿಂತು ಇಂಥ ಚಿನ್ನ ತೆಗೆಯುತ್ತಾರೆ. ಇಡೀ ವ್ಯವಹಾರದಲ್ಲಿ ನಿಜವಾದ ಚಿನ್ನ ಅಂತ ಇದ್ದದ್ದು ಅಷ್ಟೇ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದೂ ಅದೇ. ಬಂಡೆಯೊಳಗಿನ ಚಿನ್ನಕ್ಕೆ ಸಾಮಾನ್ಯವಾಗಿ ಅಂಚು ಮೂಲೆಗಳಿರುತ್ತವೆ, ಅದು ಬೇರೆ ಖನಿಜಗಳಿಗೆ ಅಂಟಿಕೊಂಡಿರುತ್ತದೆ. ಹೊಳೆಯಲ್ಲಿ ಉರುಳಿದ ಕಣ ದುಂಡಗಾಗುತ್ತದೆ. ಅದರ ಹೊರಪದರದ ಬೆಳ್ಳಿಯೂ ಕರಗಿ ಹೋಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಇದು ಕಾಣುತ್ತದೆ. ಹಾಗೆ ನೋಡಿದರೆ ಬುಸಾಂಗ್‌ನ ಚಿನ್ನ ಕಲ್ಲಿನಿಂದ ತುಂಬಾ ಸುಲಭವಾಗಿ ಬೇರೆಯಾಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಖರ್ಚು ಕಡಿಮೆ ಅಂತ ಎಲ್ಲರೂ ಖುಷಿಪಟ್ಟರು!

ಪಾಲುದಾರಿಕೆಗೆ ಬಂದ ಅಮೆರಿಕದ ಫ್ರೀಪೋರ್ಟ್-ಮೆಕ್‌ಮೊರಾನ್ ಕಂಪನಿ ಹಳೆಯ ರಂಧ್ರಗಳ ಪಕ್ಕದಲ್ಲೇ ತಾನೂ ಕೊರೆಯಿತು. ಲೆಕ್ಕಕ್ಕೆ ಬರುವಷ್ಟು ಚಿನ್ನ ಸಿಗಲಿಲ್ಲ. 1997ರ ಮಾರ್ಚ್ 26ರಂದು ಸುದ್ದಿ ಹೊರಬಿತ್ತು, ಮರುದಿನವೇ ಷೇರು ನೆಲಕ್ಕೆ ಕುಸಿಯಿತು. ಮೇ ತಿಂಗಳಲ್ಲಿ ಟೊರಾಂಟೊದ ಸ್ಟ್ರಾತ್‌ಕೋನಾ ಸಂಸ್ಥೆಯ ತನಿಖೆಯೂ ಅದನ್ನೇ ಹೇಳಿತು. ಮಾದರಿಗಳನ್ನು ಕೆಡಿಸಿದ್ದಾರೆ, ಗಣಿಗಾರಿಕೆಯ ಇತಿಹಾಸದಲ್ಲಿ ಈ ಪ್ರಮಾಣದ ಮೋಸ ಹಿಂದೆ ನಡೆದದ್ದಿಲ್ಲ ಎಂದು ವರದಿ ಕೊಟ್ಟಿತು. ಹಣ ಕಳೆದುಕೊಂಡವರು ಬರೀ ದೊಡ್ಡ ದಲ್ಲಾಳಿಗಳಲ್ಲ. ಒಂಟಾರಿಯೊದ ಶಿಕ್ಷಕರ ಪಿಂಚಣಿ ನಿಧಿಯ ಹಣವೂ ಅದರಲ್ಲಿತ್ತು. ಆ ಬೆಟ್ಟವನ್ನು ಕಣ್ಣಾರೆ ಕಾಣದ ಮೇಷ್ಟ್ರುಗಳ ದುಡಿಮೆ ಅದು.

ಪ್ರಶ್ನೆ: ಡಿ ಗುಜ್ಮನ್ ಏನಾದರು? ಯಾರಿಗಾದರೂ ಶಿಕ್ಷೆ ಆಯಿತೇ?

ಉತ್ತರ: 1997ರ ಮಾರ್ಚ್ 19ರಂದು, ಫ್ರೀಪೋರ್ಟ್‌ನವರಿಗೆ ವಿವರಣೆ ಕೊಡಲು ಹೋಗುವಾಗ, ಅವರು ಹೆಲಿಕಾಪ್ಟರಿನಿಂದ ಕಾಡಿಗೆ ಬಿದ್ದು ಸತ್ತರು. ಆತ್ಮಹತ್ಯೆ ಎಂದು ಅಧಿಕಾರಿಗಳು ಹೇಳಿದರು. ಜನವರಿಯಲ್ಲೇ ಸ್ಥಳದ ದಾಖಲೆಗಳು ಬೆಂಕಿಗೆ ಸಿಕ್ಕಿದ್ದವು. ವಾಲ್ಶ್ 1998ರಲ್ಲಿ ತೀರಿಕೊಂಡರು. ತನಗೇನೂ ಗೊತ್ತಿರಲಿಲ್ಲ ಎಂದೇ ಅವರು ಹೇಳುತ್ತಿದ್ದರು. ಫೆಲ್ಡರ್‌ಹಾಫ್ ಮೇಲೆ ಒಂಟಾರಿಯೊದಲ್ಲಿ ಷೇರು ಕಾನೂನಿನ ಮೊಕದ್ದಮೆ ನಡೆದು, 2007ರಲ್ಲಿ ನಿರ್ದೋಷಿ ಎಂದು ತೀರ್ಪು ಬಂತು. ಚಿನ್ನ ಬೆರೆಸಿದ್ದಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ.

ಬದಲಾದದ್ದು ನಿಯಮ. ಕೆನಡಾದಲ್ಲಿ 2001ರಿಂದ ಗಣಿ ಕಂಪನಿ ‘ಇಷ್ಟು ಚಿನ್ನವಿದೆ’ ಎಂದು ಪ್ರಕಟಿಸಬೇಕಾದರೆ ಅರ್ಹ ತಜ್ಞರೊಬ್ಬರು ತಮ್ಮ ಹೆಸರಿನಲ್ಲೇ ಆ ಮಾತಿಗೆ ಹೊಣೆಯಾಗಬೇಕು. ಮಾದರಿ ತೆಗೆದದ್ದು ಹೇಗೆ, ಕಾವಲಿದ್ದದ್ದು ಹೇಗೆ, ಮರುಪರೀಕ್ಷೆ ಮಾಡಿದ್ದು ಹೇಗೆ ಎಂಬುದನ್ನೂ ತಾಂತ್ರಿಕ ವರದಿಯಲ್ಲಿ ಬರೆಯಬೇಕು.